ಹೆಬ್ಬೆಟ್ಟು ಹಿಡಿದವಳ ಹೊಟ್ಟೆಕಿಚ್ಚು

ನಮ್ಮ ಯಶುಗೆ ಕೆಲಸ ಆಯಿತು. ಅದೂ ಎಲ್ಲಿ ಅಂತೀರಿ, ರಿಜಿಸ್ಟ್ರೇಷನ್ ಇಲಾಖೆಯಲ್ಲಿ. ನಾನು ಇಂಕಿನ ಡಬ್ಬಿ ಹಿಡಿದುಕೊಂಡು ನಿಂತಿದ್ದ ಇಲಾಖೆಯಲ್ಲಿ ನನ್ನ ಮೊಮ್ಮಗಳು ಕುರ್ಚಿ ಎಳೆದುಕೊಂಡು ಕೂರುತ್ತಾಳೆ. ಆರ್ಡರ್ ಬಂದ ದಿನ ದಟ್ಟಗಳ್ಳಿಯ ನಮ್ಮ ಬೀದಿಯಲ್ಲಿ ಒಂದು ಮನೆ ಬಿಡದೆ ಸಕ್ಕರೆ ಕೊಟ್ಟು ಬಂದೆ. ಮೂಲೆ ಮನೆಗೆ ಮೊನ್ನೆ ತಾನೇ ಬಾಡಿಗೆಗೆ ಬಂದವರಿಗೂ ಕೊಟ್ಟೆ. "ಯಶು ಅಂದ್ರೆ ಯಾರಮ್ಮ?" ಅಂದರು. "ಮುಂದೆ ಗೊತ್ತಾಯ್ತದೆ ಬುಡಿ," ಅಂದು ಬಂದೆ. ಮಂಡಿನೋವು ಎಲ್ಲಿಗೆ ಹೋಗಿತ್ತೋ ಆವತ್ತು.

ಒಂದೇ ಒಂದು ಬೇಜಾರು. ಆರ್ಡರ್ ಹಿಡಿದು ಬಂದವಳು ಮೊದಲು ಕೆಳಗಿನ ಮನೆಗೆ ಹೋಗಿ ರತ್ನಿ ಕಾಲಿಗೆ ಬಿದ್ದು, ಆಮೇಲೆ ಮೆಟ್ಟಿಲು ಹತ್ತಿ ನನ್ನ ಹತ್ತಿರ ಬಂದಳು. ರತ್ನಿ ಅಂದರೆ ರತ್ನಮ್ಮ, ನನ್ನ ಮೈದುನನ ಹೆಂಡತಿ, ನನ್ನ ಓರಗಿತ್ತಿ. "ಕೆಳಗಿನ ಮನೆ ಮೊದಲು ಸಿಗುತ್ತಲ್ಲಜ್ಜಿ," ಅಂತಾಳೆ ಯಶು. ಸಿಗುತ್ತೆ, ಇಲ್ಲ ಅನ್ನಲ್ಲ. ಆದರೂ ಹೆತ್ತ ಮಗನ ಮಗಳು ನೀನು, ಎರಡು ಮೆಟ್ಟಿಲು ಜಾಸ್ತಿ ಹತ್ತಿ ಬಂದಿದ್ದರೆ ಏನಾಗುತ್ತಿತ್ತು?

ಅದಿರಲಿ. "ಅಜ್ಜಿ, ನನ್ನ ಜೊತೆ ಕೆಲಸಕ್ಕೆ ಸೇರಿರೋರಿಗೂ ತೋರಿಸ್ತೀನಿ, ನಿಮ್ಮ ಕಾಲದಲ್ಲಿ ಆಫೀಸು ಹೆಂಗಿತ್ತು ಅಂತ ಬರೀರಿ," ಅಂದಳು. ನಾನು ಓದಿದ್ದು ನಾಲ್ಕನೇ ಕ್ಲಾಸು, ಅಶೋಕಪುರಂ ಸ್ಕೂಲಿನಲ್ಲಿ. ಮಾತಾಡಿದ ಹಾಗೆ ಬರೆದಿದ್ದೀನಿ. ಕಾಗುಣಿತ ಅವಳು ತಿದ್ದಿದ್ದಾಳೆ. ಮಾತು ತಿದ್ದೋಕೆ ನಾನು ಬಿಟ್ಟಿಲ್ಲ.

ನನ್ನ ಯಜಮಾನರು ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಅಟೆಂಡರ್ ಆಗಿದ್ದರು. ಕಾಮಾಲೆ ಬಂದು ಹೋಗಿಬಿಟ್ಟರು. ಅವರ ಕೆಲಸ ನನಗೆ ಕೊಟ್ಟರು. ಅಟೆಂಡರಾಗಿ ಸೇರಿದೆ, ಅಟೆಂಡರಾಗೇ ರಿಟೈರ್ ಆದೆ. ಮಧ್ಯದಲ್ಲಿ ಹತ್ತಿದ್ದು ಇಳಿದಿದ್ದು ಏನೂ ಇಲ್ಲ, ಹಾಗಾಗಿ ಅದರ ಕಥೆಯೂ ಇಲ್ಲ.

ಅಟೆಂಡರ್ ಅಂದರೆ ಕಾಫಿ ತರೋದು, ಕಟ್ಟು ಹೊರೋದು, ಬಾಗಿಲಲ್ಲಿ ನಿಂತು ಹೆಸರು ಕೂಗೋದು ಅಂದುಕೊಂಡಿದ್ದೀರಿ. ಅದೆಲ್ಲ ಇತ್ತು. ಆದರೆ ನಿಜವಾದ ಕೆಲಸ ಹೆಬ್ಬೆಟ್ಟು ಒತ್ತಿಸೋದು. ಈಗ ನೀವು ಮಿಷನ್ ಮೇಲೆ ಬೆರಳು ಇಡಿಸುತ್ತೀರಿ, ಕೆಂಪು ದೀಪ ಹತ್ತುತ್ತೆ, ಮುಗೀತು. ತೊಂಬತ್ತರ ಆ ಕಾಲದಲ್ಲಿ ಒಂದು ಗಾಜಿನ ಹಲಗೆ, ಒಂದು ಚಿಕ್ಕ ರೋಲರು, ಕರಿ ಇಂಕು. ಇಂಕನ್ನು ಗಾಜಿನ ಮೇಲೆ ತೆಳ್ಳಗೆ ಎಳೆಯಬೇಕು. ದಪ್ಪ ಆದರೆ ಬರೀ ಕರಿ ಮಚ್ಚೆ ಬೀಳುತ್ತೆ. ಬೆರಳನ್ನು ಒಂದು ಕಡೆ ಉಗುರಿಂದ ಇನ್ನೊಂದು ಕಡೆ ಉಗುರಿನ ತನಕ ಉರುಳಿಸಬೇಕು, ಚಪಾತಿ ಲಟ್ಟಿಸಿದ ಹಾಗೆ ಒಂದೇ ಸಲ, ವಾಪಸ್ ಬರಬಾರದು. ಬೆರಳು ಅವರದು, ಜೋರು ನಮ್ಮದು. ಅವರಾಗೇ ಒತ್ತೋಕೆ ಬಿಟ್ಟರೆ ಕೆಡಿಸುತ್ತಾರೆ. "ಕೈ ಸಡಿಲ ಬುಡಿ ಅಮ್ಮ, ನಿಮ್ಮ ಕೈ ಅಲ್ಲ ಅನ್ಕೊಳಿ," ಅನ್ನುತ್ತಿದ್ದೆ. ದೊಡ್ಡ ದೊಡ್ಡ ಜಮೀನ್ದಾರರ ಕೈ ಕೂಡ ಹೆದರಿ ಕಟ್ಟಿಗೆ ಆಗಿರುತ್ತಿತ್ತು.

ಮಾರಾಟದ ಪತ್ರ, ಅಡಮಾನದ ಪತ್ರ, ವಿಲ್ಲು, ಎಲ್ಲಾ ಬರುತ್ತಿತ್ತು. ಅದರಲ್ಲಿ ನಾನು ಕಣ್ಣಿಟ್ಟು ನೋಡುತ್ತಿದ್ದುದು ಪವರ್ ಪತ್ರದವರನ್ನು. ಹಳಬರು ಮುಖ್ತ್ಯಾರ್ ಅನ್ನುತ್ತಿದ್ದರು. ವಯಸ್ಸಾಗಿರುತ್ತೆ, ಬ್ಯಾಂಕಿಗೆ ಹೋಗೋಕಾಗಲ್ಲ, ಕಂದಾಯ ಕಟ್ಟೋಕಾಗಲ್ಲ. ನನ್ನ ಬದಲು ಇವನು ದುಡ್ಡು ತೆಗೆಯಲಿ, ಕಟ್ಟಲಿ, ಸಹಿ ಹಾಕಲಿ ಅಂತ ಮನೆಯಲ್ಲಿ ಒಬ್ಬರಿಗೆ ಅಧಿಕಾರ ಬರೆದುಕೊಡೋದು. ಮಾರಾಟಕ್ಕೆ ಬಂದವರು ನಗುತ್ತಾ ಹೋಗುತ್ತಿದ್ದರು, ಇಲ್ಲ ಅಳುತ್ತಾ ಹೋಗುತ್ತಿದ್ದರು. ಪವರ್ ಪತ್ರಕ್ಕೆ ಬಂದವರ ಮನೆಯವರಿಗೆ ಎರಡೂ ಆಗುತ್ತಿರಲಿಲ್ಲ. ಮನೆ ಎಲ್ಲೂ ಹೋಗಲ್ಲ, ದುಡ್ಡು ಎಲ್ಲೂ ಹೋಗಲ್ಲ, ಆದರೂ ಮುಖ ಎಲ್ಲ ಸುಟ್ಟ ಬದನೆಕಾಯಿ. ಯಾಕೆ ಅಂದರೆ ಆಸ್ತಿ ಹಂಚಿದರೆ ಎಲ್ಲರಿಗೂ ಒಂದೊಂದು ಚೂರು ಸಿಗುತ್ತೆ. ನಂಬಿಕೆಯನ್ನು ಹಂಗೆ ಹಂಚೋಕಾಗಲ್ಲ. ನಾಲ್ಕು ಕೈಯಲ್ಲಿ ಒಂದು ಕೈ ಹಿಡಿದರೆ ಉಳಿದ ಮೂರು ಉರಿಯುತ್ತವೆ.

ನಡೆಯೋಕಾಗದವರ ಮನೆಗೆ ನಾವೇ ಹೋಗುತ್ತಿದ್ದೆವು. ಸಾಹೇಬರು, ನಾನು, ನನ್ನ ಇಂಕಿನ ಡಬ್ಬಿ. ಆಗ ನಮ್ಮ ಸಬ್ ರಿಜಿಸ್ಟ್ರಾರ್ ಗುರುಮಲ್ಲಪ್ಪನವರು ಅಂತ. ವಿಭೂತಿ ಇಟ್ಟ ಹಣೆ, ಇಸ್ತ್ರಿ ಮಡಿಕೆ ಮುರಿಯದ ಬಿಳಿ ಶರಟು. ಬೈದರೆ ಬಹುವಚನದಲ್ಲೇ ಬೈಯೋರು. ಅವರದೊಂದು ಕಟ್ಟುನಿಟ್ಟು. ಮನೆಗೆ ಹೋದ ಕೂಡಲೇ ಅಧಿಕಾರ ಕೊಡೋರನ್ನು ಬಿಟ್ಟು ಉಳಿದವರೆಲ್ಲ ಆಚೆ. ಮಗ, ಮಗಳು, ಸೊಸೆ, ಪಕ್ಕದ ಮನೆ, ಪತ್ರ ಬರೆದವನು, ಎಲ್ಲರೂ. ಬಾಗಿಲು ಹಾಕಿಸಿ, "ನಿಮ್ಮ ಮನಸ್ಸಿಂದ ಕೊಡ್ತಾ ಇದೀರಾ, ಯಾರಾದ್ರೂ ಕೊಡಿಸ್ತಾ ಇದಾರಾ?" ಅಂತ ಕೇಳೋರು. ಒಳಗೆ ಉಳಿಯುತ್ತಿದ್ದವಳು ನಾನು ಒಬ್ಬಳೇ, ಕೈ ಹಿಡಿಯೋಳು. ಆಚೆ ನಿಂತವರು ಬಾಗಿಲ ಕಡೆ ನೋಡುತ್ತಿದ್ದ ನೋಟ ಇದೆಯಲ್ಲ, ಅದನ್ನು ನೀವೂ ನೋಡುತ್ತೀರಿ, ಇರಿ.

ನಜರ್‌ಬಾದಿನಲ್ಲಿ ಒಬ್ಬರು ದಿನಸಿ ವ್ಯಾಪಾರದ ಯಜಮಾನರು. ಮೂರು ಜನ ಗಂಡುಮಕ್ಕಳು, ಅಧಿಕಾರ ಕೊಟ್ಟಿದ್ದು ಕೊನೆಯವನಿಗೆ. ಸಾಹೇಬರು ಕೇಳಿದರು, "ಮನಸ್ಸಿಂದ ಕೊಡ್ತಾ ಇದೀರಾ?"

"ಮನಸ್ಸಿಂದ ಎಲ್ಲಿ ಸ್ವಾಮಿ, ಮಂಡಿಯಿಂದ. ಮಂಡಿ ನೆಟ್ಟಗಿದ್ದಿದ್ರೆ ಒಬ್ಬನಿಗೂ ಕೊಡ್ತಿರ್ಲಿಲ್ಲ."

"ಹಿರಿಯವರಿದ್ದಾರಲ್ಲ, ಕೊನೆಯವನಿಗೇ ಯಾಕೆ?"

"ಹಿರಿಯವನಿಗೆ ಕೊಟ್ರೆ ಎರಡನೆಯವನು ಅಂಗಡಿಗೆ ಬರಲ್ಲ. ಎರಡನೆಯವನಿಗೆ ಕೊಟ್ರೆ ಹಿರಿಯವನು ಊಟಕ್ಕೆ ಬರಲ್ಲ. ಕಿರಿಯವನಿಗೆ ಕೊಟ್ರೆ ಇಬ್ಬರೂ ಸೇರ್ಕೊಂಡು ನನ್ನ ಬೈತಾರೆ. ಸೇರ್ಕೊಂಡಾದ್ರೂ ಇರ್ತಾರಲ್ಲ."

ಸಾಹೇಬರು ಬರೆದುಕೊಂಡರು. ಬಾಗಿಲು ತೆಗೆದಾಗ ಜಗಲಿ ಮೇಲೆ ಇಬ್ಬರು ಹಿರಿಯರು ನಿಜವಾಗಿಯೂ ತಲೆಗೆ ತಲೆ ಕೊಟ್ಟು ಪಿಸಿಪಿಸಿ ಅನ್ನುತ್ತಾ ಕೂತಿದ್ದರು. ವರ್ಷಗಟ್ಟಲೆ ಮಾತು ಬಿಟ್ಟಿದ್ದವರಂತೆ ಅವರು.

ನಾನು ಮಾಡಿದ ದೊಡ್ಡ ಎಡವಟ್ಟನ್ನೂ ಹೇಳಿಬಿಡುತ್ತೀನಿ. ಕೆಲಸಕ್ಕೆ ಸೇರಿದ ಹೊಸತು. ಒಂದು ಮನೆಗೆ ಹೋದೆವು, ಹಜಾರದ ತುಂಬ ಜನ. ಮಂಚದ ಮೇಲೆ ಒಬ್ಬರು ಅಜ್ಜಿ ಕಾಲು ಚಾಚಿ ಕೂತಿದ್ದರು. ಸಾಹೇಬರು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದರು. ನಾನು ಚುರುಕು ತೋರಿಸೋಕೆ ಹೋಗಿ, ಅಜ್ಜಿ ಪಕ್ಕ ಕೂತು, ಕೈ ಒರೆಸಿ, ಇಂಕು ಹಚ್ಚಿ, ಪತ್ರದ ಮೇಲೆ ಚೆಂದಾಗಿ ಹೆಬ್ಬೆಟ್ಟು ಒತ್ತಿಸಿಬಿಟ್ಟೆ. ಅಜ್ಜಿ ನಗುನಗುತ್ತಾ ಒತ್ತಿಸಿಕೊಂಡರು. ಆಮೇಲೆ ಒಳಗಿನ ಕೋಣೆಯಿಂದ ಇನ್ನೊಬ್ಬರು ಅಜ್ಜಿಯನ್ನು ಇಬ್ಬರು ಹಿಡಿದುಕೊಂಡು ಬಂದರು. ಮನೆ ಯಜಮಾನಿ ಅವರು. ನಾನು ಹಿಡಿದಿದ್ದು ಎದುರು ಮನೆಯ ಅಜ್ಜಿ, ಮಾತಾಡಿಸೋಕೆ ಬಂದಿದ್ದವರು.

ಯಜಮಾನಿ ಪತ್ರ ಹಾಳಾಯಿತು ಅಂತ ಬೇಜಾರು ಮಾಡಿಕೊಳ್ಳಲಿಲ್ಲ. ಅವರ ಬೇಜಾರು ಬೇರೆ. "ನನ್ನ ಮನೆ, ನನ್ನ ಪತ್ರ, ಅವಳಿಗೆ ಮೊದಲು ಹಚ್ಚಿದ್ಯಲ್ಲೇ," ಅಂದರು. ಎದುರು ಮನೆಯ ಅಜ್ಜಿ ಕರಿ ಬೆರಳು ಎತ್ತಿ ನೋಡಿಕೊಂಡು, "ಆಗಿಹೋಯ್ತಲ್ಲ ಬುಡಮ್ಮ," ಅಂದರು. ಪತ್ರ ಮತ್ತೆ ಬರೆಸಬೇಕಾಯಿತು. ಆಫೀಸಿನ ಗೇಟ್ ಹತ್ತಿರ ಬಂದಾಗ ಸಾಹೇಬರು, "ಮಾದಮ್ಮನವರೇ, ಕೈ ಹಿಡಿಯೋಕೆ ಮುಂಚೆ ಮುಖ ನೋಡಿ, ಹೆಸರು ಕೇಳಿ," ಅಂದರು. ನೀವು ಹೊಸಬರಿಗೂ ಅದೇ ನನ್ನ ಮಾತು.

ಈಗ ನನ್ನ ಮನೆ ವಿಷಯಕ್ಕೆ ಬರುತ್ತೀನಿ. ಬೇರೆಯವರ ಹೊಟ್ಟೆಕಿಚ್ಚು ಹೇಳಿ ನನ್ನದು ಮುಚ್ಚಿಟ್ಟರೆ ಯಶು ನಗುತ್ತಾಳೆ.

ಆಗ ನಾವಿದ್ದದ್ದು ಅಶೋಕಪುರಂನಲ್ಲಿ. ಒಂದೇ ಮನೆ, ಎರಡು ಒಲೆ. ಒಂದು ಒಲೆ ನನ್ನದು ನನ್ನ ಮಗನದು, ಇನ್ನೊಂದು ಮೈದುನ ಚಿಕ್ಕಸ್ವಾಮಿ ಮತ್ತು ರತ್ನಿಯದು. ನಮ್ಮ ಅತ್ತೆ ಕೆಂಪಮ್ಮ ಮಂಚ ಹಾಕಿಕೊಂಡು ನನ್ನ ಕಡೆ ಇದ್ದರು. ಮಾವ ರೈಲ್ವೆಯಲ್ಲಿ ದುಡಿದು ಹೋಗಿದ್ದರಿಂದ ಅತ್ತೆಗೆ ಪಿಂಚಣಿ ಬರುತ್ತಿತ್ತು. ದಟ್ಟಗಳ್ಳಿಯಲ್ಲಿ ಅವರ ಹೆಸರಿಗೆ ಒಂದು ಸೈಟು, ಅದರ ಕಂತು ಇನ್ನೂ ಕಟ್ಟಬೇಕಿತ್ತು. ಆಗ ದಟ್ಟಗಳ್ಳಿ ಅಂದರೆ ನಮ್ಮ ಬೀದಿಯವರು ನಗೋರು, ನರಿಗೂ ಹೆದರಿಕೆ ಆಗೋ ಜಾಗ ಅಂತ. ಬರೀ ಕಲ್ಲು ನೆಟ್ಟಿದ್ದರು.

ಅತ್ತೆಗೆ ಮಂಡಿ ಹಿಡಿಯಿತು. ಬ್ಯಾಂಕಿನ ಸಾಲಿನಲ್ಲಿ ನಿಲ್ಲೋಕಾಗಲ್ಲ ಅಂತಾಯಿತು. "ಒಬ್ಬರಿಗೆ ಪವರ್ ಬರೆದುಕೊಟ್ಬುಡ್ತೀನಿ," ಅಂದರು.

ನನಗೇ ಅಂತ ನನಗೆ ಗ್ಯಾರಂಟಿ. ಹಿರಿ ಸೊಸೆ ನಾನು. ಅದೇ ಆಫೀಸಿನಲ್ಲಿ ಕೆಲಸ ಮಾಡೋಳು ನಾನು. ಊರಿನವರ ಪವರ್ ಪತ್ರವೆಲ್ಲ ನನ್ನ ಕೈಮೇಲೆ ಹೋಗುತ್ತಿರುವಾಗ ಮನೆಯದು ಇನ್ನಾರಿಗೆ ಹೋಗುತ್ತೆ? ಮಾರ್ಕೆಟ್ಟಿಗೆ ಹೋಗಿ ಒಂದು ಕಂದು ಬಣ್ಣದ ರೆಕ್ಸಿನ್ ಬ್ಯಾಗು ತಂದೆ, ಪಾಸ್‌ಬುಕ್ಕು ಕಾಗದ ಎಲ್ಲ ಇಟ್ಟುಕೊಳ್ಳೋಕೆ. ಒಳಗೆ ಜಿಪ್ಪು ಬೇರೆ ಇತ್ತು. ಬ್ಯಾಗನ್ನು ಮಂಚದ ಮೇಲಿಟ್ಟು ತೋರಿಸಿದೆ. ಅತ್ತೆ ಜಿಪ್ಪು ಎಳೆದು ನೋಡಿದರು.

"ಚೆನ್ನಾಗದೆ. ರತ್ನಿಗೆ ಕೊಟ್ಬುಡು. ಇನ್ನು ಮೇಲೆ ಅವಳಿಗೆ ಬೇಕಾಯ್ತದೆ."

ಆ ಮಾತು ಇನ್ನೂ ನನ್ನ ಕಿವಿಯಲ್ಲಿದೆ. ಬ್ಯಾಗು ಎತ್ತಿಕೊಂಡು ಹೋಗಿ ರತ್ನಿ ಒಲೆ ಮುಂದೆ ಇಟ್ಟು ಬಂದೆ.

ಅತ್ತೆ ಆಫೀಸಿಗೆ ಬರೋಕಾಗಲ್ಲವಲ್ಲ, ಸಾಹೇಬರು ಮನೆಗೇ ಬಂದರು. ನನ್ನ ಮನೆಗೆ ನಾನೇ ಇಂಕಿನ ಡಬ್ಬಿ ಹೊತ್ತುಕೊಂಡು ಹೋದೆ. ಸಾಹೇಬರು ಎಲ್ಲರನ್ನೂ ಆಚೆ ಕಳಿಸಿದರು. ರತ್ನಿ ಹೋದಳು, ಚಿಕ್ಕಸ್ವಾಮಿ ಹೋದ. ನಾನು ಗಾಜಿನ ಹಲಗೆ ಬಿಚ್ಚುತ್ತಾ ಕೂತೆ.

"ಮಾದಮ್ಮನವರೇ, ನೀವೂ ಆಚೆ ಇರಿ."

"ನಾನಾ ಸಾರ್? ಕೈ ಹಿಡಿಯೋರು ಯಾರು?"

"ನಾನೇ ಹಿಡಿದುಕೊಳ್ತೀನಿ. ನೀವೂ ಈ ಮನೆ ಸೊಸೆ ಅಲ್ವೇ?"

ಅಷ್ಟು ಮನೆಗಳ ಬಾಗಿಲು ಹಾಕಿಸಿದವಳು ನಾನು. ಆವತ್ತು ನನ್ನ ಮುಖದ ಮೇಲೇ ಬಾಗಿಲು ಹಾಕಿಕೊಂಡಿತು. ಜಗಲಿ ಮೇಲೆ ರತ್ನಿ ಆ ಕಡೆ, ನಾನು ಈ ಕಡೆ.

"ಅಕ್ಕ, ನಾನು ಕೇಳ್ಲಿಲ್ಲ ಕಣಕ್ಕ," ಅಂದಳು.

"ಕೇಳದೆ ಸಿಕ್ಕಿದ್ದಕ್ಕೆ ರುಚಿ ಜಾಸ್ತಿ ಕಣೆ. ತಿನ್ನು," ಅಂದೆ.

ಒಳಗಿಂದ ಅತ್ತೆ ದನಿ ಕೇಳಿಸುತ್ತಿತ್ತು, ಏನು ಅಂತ ಕೇಳಿಸುತ್ತಿರಲಿಲ್ಲ. ಕಿವಿ ಗೋಡೆಗೆ ಅಂಟಿಸುವುದೊಂದು ಬಾಕಿ. ಸ್ವಲ್ಪ ಹೊತ್ತಿಗೆ ಬಾಗಿಲು ತೆರೆಯಿತು. ಸಾಹೇಬರ ಬಿಳಿ ಶರಟಿನ ತೋಳು ಕರ್ರಗೆ. ಕಾಗದದ ಮೇಲೆ ಹೆಬ್ಬೆಟ್ಟಿನ ಬದಲು ಸುಟ್ಟ ದೋಸೆ. "ಬನ್ನಿ ಮಾದಮ್ಮನವರೇ, ಇವರು ಹೇಳಿದ್ದು ಆಯ್ತು, ಕೈ ಮಾತ್ರ ನನ್ನಿಂದ ಆಗ್ತಾ ಇಲ್ಲ," ಅಂದರು.

ನಾನು ಅತ್ತೆ ಕೈ ಹಿಡಿದೆ. ಸೌದೆ ಹೊತ್ತು, ರಾಗಿ ಬೀಸಿ, ಗೆರೆಯೆಲ್ಲ ಸವೆದುಹೋದ ಹೆಬ್ಬೆಟ್ಟು. ಕೆಡಿಸೋದು ಬಹಳ ಸುಲಭ, ಒಂದು ಚೂರು ಜಾರಿಸಿದರೆ ಸಾಕು. ಅತ್ತೆ ನನ್ನ ಮುಖ ನೋಡಿ, "ಗಟ್ಟಿಯಾಗಿ ಒತ್ತೆ," ಅಂದರು. ಒತ್ತಿದೆ. ನನ್ನ ಸರ್ವೀಸಿನಲ್ಲಿ ಅಷ್ಟು ಚೆಂದದ ಹೆಬ್ಬೆಟ್ಟು ಇನ್ನೊಂದು ಬಿದ್ದಿಲ್ಲ. ಗೆರೆಗೆರೆ ಎಣಿಸಬಹುದಿತ್ತು. ಕೆಲಸ ಕೆಡಿಸೋಕೆ ಕೈ ಬರಲಿಲ್ಲ. ಹೊಟ್ಟೆ ಮಾತ್ರ ಉರಿಯುತ್ತಿತ್ತು.

ಆಮೇಲಿನ ವರ್ಷಗಳು ನೋಡಬೇಕಿತ್ತು ರತ್ನಿಯನ್ನು. ಒಂದನೇ ತಾರೀಕು ಬಂದರೆ ತಲೆಗೆ ಎಣ್ಣೆ ಹಾಕಿ ಬಾಚಿ, ನಾನು ತಂದ ಬ್ಯಾಗು ಕಂಕುಳಿಗೆ ಸಿಕ್ಕಿಸಿ, ಬ್ಯಾಂಕಿಗೆ ಹೊರಟರೆ ಬೀದಿಯೆಲ್ಲ "ಏನ್ ರತ್ನಮ್ಮ, ಆಫೀಸಿಗಾ?" ಅನ್ನೋರು. ಆಫೀಸಿಗೆ ಹೋಗುತ್ತಿದ್ದವಳು ನಾನು, ನನ್ನನ್ನು ಒಬ್ಬರೂ ಕೇಳುತ್ತಿರಲಿಲ್ಲ. ಒಂದು ದಿನ ಸೈಟಿನ ಕಾಗದದ ಬಗ್ಗೆ ಏನೋ ಕೇಳೋಕೆ ನಮ್ಮ ಆಫೀಸಿಗೇ ಬಂದಳು. ಸಾಹೇಬರು ಕುರ್ಚಿ ತೋರಿಸಿ, "ಮಾದಮ್ಮನವರೇ, ಇವರಿಗೊಂದು ಕಾಫಿ," ಅಂದರು. ತಂದುಕೊಟ್ಟೆ. "ಸಕ್ಕರೆ ಸ್ವಲ್ಪ ಕಮ್ಮಿ ಅಕ್ಕ," ಅಂದಳು. ಅವಳು ಕೆಟ್ಟ ಮನಸ್ಸಿಂದ ಅಂದಿದ್ದಲ್ಲ. ಅದೇ ಇನ್ನೂ ಉರಿ.

ತಪ್ಪು ಸಿಗುತ್ತೇನೋ ಅಂತ ಕಾದೆ. ಬ್ಯಾಂಕಿನ ಅಟೆಂಡರ್ ನನಗೆ ಪರಿಚಯ, ಅವನನ್ನು ಕೇಳಿದೆ. ಕಂತು ತೆಗೆದುಕೊಳ್ಳುವ ಕಡೆ ಕೇಳಿದೆ. ಒಂದು ತಪ್ಪೂ ಸಿಗಲಿಲ್ಲ. ಅತ್ತೆ ಮಾತ್ರ ದಿನಾ ಅವಳನ್ನು ಬೈಯೋರು. "ಬ್ಯಾಂಕಿಗೆ ಹೋದೋಳು ಇಷ್ಟೊತ್ತು ಎಲ್ಲಿ ಸತ್ತಿದ್ದೆ? ನನ್ನ ದುಡ್ಡಲ್ಲಿ ಬಸ್ಸಲ್ಲಿ ಯಾಕೆ ಹೋದೆ, ಕಾಲಿಲ್ವಾ?" ರತ್ನಿ ತಲೆ ಬಗ್ಗಿಸಿ ಕೇಳೋಳು. ನನಗೆ ಮಾತ್ರ ಅತ್ತೆ ಒಂದು ಬಿರುಸು ಮಾತು ಆಡುತ್ತಿರಲಿಲ್ಲ. "ಉಂಡ್ಯಾ? ಕಾಲು ನೋಯ್ತದಾ? ಮಲಿಕೋ ಹೋಗು." ನೆಂಟರ ಮನೆಯವಳನ್ನು ಮಾತಾಡಿಸಿದ ಹಾಗೆ. ನೀನು ಹೊರಗಿನವಳು ಅಂತ ಹೇಳೋಕೆ ಇದಕ್ಕಿಂತ ಚೆಂದದ ದಾರಿ ಬೇಕಾ ಅಂತ ನನಗೆ ಅನಿಸುತ್ತಿತ್ತು. ಅವಳಿಗೆ ಬೀಳುತ್ತಿದ್ದ ಬೈಗುಳದ ಮೇಲೂ ಹೊಟ್ಟೆಕಿಚ್ಚು ಪಟ್ಟವಳು ಈ ಮೈಸೂರಿನಲ್ಲಿ ನಾನು ಒಬ್ಬಳೇ ಇರಬೇಕು.

ಅಷ್ಟರಲ್ಲಿ ಆಫೀಸಿಗೆ ಕಂಪ್ಯೂಟರ್ ಬಂತು. ಕ್ಯಾಮರಾ ಬಂತು, ಬೆರಳಿಡೋ ಮಿಷನ್ ಬಂತು. ಮಿಷನ್ ಮುಂದೆ ಕೂತ ಹುಡುಗಿ "ಬೆರಳು ಇಡಿ" ಅಂದರೆ ಮುಗೀತು, ಯಾರ ಕೈಯನ್ನೂ ಯಾರೂ ಹಿಡಿಯಬೇಕಾಗಿಲ್ಲ. ನನ್ನ ಗಾಜಿನ ಹಲಗೆ ಬೀರು ಸೇರಿತು. ಆ ಮಿಷನ್ ಮೇಲೂ ನನಗೆ ಹೊಟ್ಟೆಕಿಚ್ಚು, ಸುಳ್ಳು ಯಾಕೆ ಹೇಳಲಿ. ಅದು ಕೆಟ್ಟು ನಿಂತ ದಿನ ನನ್ನ ನಡಿಗೆಯೇ ಬೇರೆ. ಮನೆಗಳಿಗೆ ಹೋಗುವಾಗ ಮಾತ್ರ ಹಳೇ ಇಂಕು ಹೊರಗೆ ಬರುತ್ತಿತ್ತು.

ದಟ್ಟಗಳ್ಳಿಯಲ್ಲಿ ಮನೆಗಳು ಏಳೋಕೆ ಶುರುವಾದವು. ಬ್ರೋಕರುಗಳು ಅಶೋಕಪುರಂ ತನಕ ಹುಡುಕಿಕೊಂಡು ಬಂದರು. ನನ್ನ ಮೈದುನ ಚಿಕ್ಕಸ್ವಾಮಿ ಒಳ್ಳೆಯವನು, ಆದರೆ ಯಾರು ಏನು ಹೇಳಿದರೂ ನಂಬುತ್ತಾನೆ. ಕೋಳಿ ಸಾಕಿದ, ಕೋಳಿ ಸತ್ತವು. ಸೋಡಾ ಅಂಗಡಿ ಇಟ್ಟ, ಮುಚ್ಚಿದ. ಈಗ ಸೈಟು ಮಾರಿ ಟೆಂಪೋ ತಗೊಳ್ಳುತ್ತೀನಿ ಅಂತ ಕೂತ. ಅತ್ತೆಗೆ ಅವನೆಂದರೆ ಪ್ರಾಣ. "ಮಾರಿಕೊಡೆ ರತ್ನಿ," ಅಂದರು. ಓಡಾಡೋಕೆ ಅವರಿಗೆ ಮಂಡಿ ಇಲ್ಲ, ಪವರ್ ಪತ್ರದಲ್ಲಿ ರತ್ನಿಗೆ ಮಾರೋ ಅಧಿಕಾರವೂ ಇತ್ತು.

ರತ್ನಿ ಆಗಲ್ಲ ಅಂದಳು. ಗಂಡನ ಮುಂದೆ, ಅತ್ತೆ ಮುಂದೆ ನಿಂತುಕೊಂಡು ಅಂದಳು. "ಟೆಂಪೋ ತುಕ್ಕು ಹಿಡೀತದೆ ಅತ್ತೆ. ಮಣ್ಣು ಹಿಡಿಯಲ್ಲ."

ಅತ್ತೆ ಮೂರು ದಿನ ಅವಳ ಕೈ ನೀರು ಮುಟ್ಟಲಿಲ್ಲ. ಆಮೇಲೆ ನನ್ನನ್ನು ಕರೆದರು. "ಅವಳದ್ದು ಕ್ಯಾನ್ಸಲ್ ಮಾಡ್ಬುಟ್ಟು ನಿಂಗೆ ಬರೆದುಕೊಡ್ತೀನಿ. ನಿಂಗೂ ಬೇಕಿತ್ತಲ್ವಾ? ತಗೋ."

ನನಗೆ ಆಕಾಶ ಕೈಗೆ ಸಿಕ್ಕಿತು. ಯಾಕೆ ಕೊಡುತ್ತಿದ್ದಾರೆ ಅಂತ ಗೊತ್ತಿದ್ದೂ ಗೊತ್ತಿಲ್ಲದ ಹಾಗೆ ಇದ್ದೆ. ಗುರುಮಲ್ಲಪ್ಪನವರು ವರ್ಗವಾಗಿ ಹೋಗಿದ್ದರು, ಹೊಸ ಸಾಹೇಬರು ಬಂದರು. ನಾನು ಈ ಸಲ ಅಧಿಕಾರ ಪಡೆಯೋಳು, ಇಂಕು ಮುಟ್ಟುವ ಹಾಗಿರಲಿಲ್ಲ, ಬೇರೆ ಅಟೆಂಡರ್ ಬಂದಿದ್ದ. ಮದುವೆಗೆ ಉಡೋ ಸೀರೆ ಉಟ್ಟು ಜಗಲಿ ಮೇಲೆ ಕೂತೆ. ಹಳೇದು ರದ್ದಾಯಿತು, ಹೊಸದು ಆಯಿತು. ರತ್ನಿ ಜಗಳ ಮಾಡುತ್ತಾಳೆ ಅಂತ ಎಷ್ಟು ಉತ್ತರ ಕಲಿತುಕೊಂಡಿದ್ದೆ. ಅವಳು ಸೀದಾ ಬಂದು ರೆಕ್ಸಿನ್ ಬ್ಯಾಗು ನನ್ನ ತೊಡೆ ಮೇಲಿಟ್ಟಳು.

"ಎಲ್ಲ ಇದ್ರೊಳಗೆ ಅದೆ ಅಕ್ಕ. ಇವತ್ತು ನಾನು ನಿದ್ದೆ ಮಾಡ್ತೀನಿ."



ಮರುವಾರವೇ ಚಿಕ್ಕಸ್ವಾಮಿ ಬ್ರೋಕರನ್ನು ಕರೆದುಕೊಂಡು ಬಂದ. ಸೈಟು ತೋರಿಸೋಕೆ ನಾನೂ ಹೋದೆ, ಬ್ಯಾಗು ಕಂಕುಳಲ್ಲಿ. ಅಕ್ಕಪಕ್ಕ ತಾರಸಿ ಹಾಕುತ್ತಿದ್ದರು. ನಮ್ಮ ಸೈಟಿನ ಮೂಲೆ ಕಲ್ಲುಗಳಿಗೆ ಸುಣ್ಣ ಬಳಿದಿತ್ತು. "ಯಾರು ಬಳಿದಿದ್ದು?" ಅಂದೆ. ಪಕ್ಕದ ಸೈಟಿನಲ್ಲಿ ಗೋಡೆಗೆ ನೀರು ಹಾಕುತ್ತಿದ್ದ ಹೆಂಗಸು, "ಒಬ್ಬರು ಅಮ್ಮ ಬತ್ತಾರೆ, ಹಿಂಗೇ ಒಂದು ಬ್ಯಾಗ್ ಸಿಕ್ಕಿಸ್ಕೊಂಡು. ವರ್ಷವರ್ಷ ಬಳೀತಾರೆ," ಅಂದಳು.

ಬ್ರೋಕರ್ ರೇಟು ಹೇಳುತ್ತಿದ್ದ. ನನಗೆ ಕೇಳಿಸಲಿಲ್ಲ. ನನ್ನ ತಲೆಯಲ್ಲಿ ಒಂದೇ ಓಡುತ್ತಿತ್ತು. ನಾಳೆ ಬೀದಿಯವರು ಏನನ್ನುತ್ತಾರೆ? ರತ್ನಿ ಉಳಿಸಿದಳು, ಮಾದಿ ಕಳೆದಳು ಅನ್ನುತ್ತಾರೆ. ಸಾಯೋ ತನಕ ಅನ್ನುತ್ತಾರೆ. ಆ ಸೈಟಿನ ಮೇಲೆ ನಮ್ಮ ಈಗಿನ ಮನೆ ಎದ್ದಾಗ ಜನ ಇದನ್ನು ಒಳ್ಳೆ ಬುದ್ಧಿ ಅಂದರು. ಒಳ್ಳೆ ಬುದ್ಧಿ ಅಲ್ಲ, ಅಪ್ಪಟ ಹೊಟ್ಟೆಕಿಚ್ಚು. ಅವಳಿಗಿಂತ ಒಂದು ಕೈ ಕಮ್ಮಿ ಆಗೋಕೆ ನನಗೆ ಇಷ್ಟವಿರಲಿಲ್ಲ.

"ಮಾರಲ್ಲ ಕಣಪ್ಪ," ಅಂದೆ.

ಚಿಕ್ಕಸ್ವಾಮಿ ನನ್ನನ್ನು ನೋಡಿದ, ಬ್ಯಾಗನ್ನು ನೋಡಿದ. "ಅತ್ತಿಗೆ, ಈ ಬ್ಯಾಗಲ್ಲೇ ಏನೋ ಅದೆ," ಅಂದ.

ಮನೆಗೆ ಬಂದು ಅತ್ತೆಗೂ ಅದನ್ನೇ ಹೇಳಿದೆ. ಆವತ್ತು ನನ್ನ ಅತ್ತೆ ಬಾಯಿ ಬಿಟ್ಟರು. ನನ್ನ ತವರು, ನನ್ನ ಅಡುಗೆ, ನನ್ನ ಗೊರಕೆ, ಒಂದನ್ನೂ ಉಳಿಸಲಿಲ್ಲ. "ನಿಂದೂ ಕ್ಯಾನ್ಸಲ್ ಮಾಡ್ತೀನಿ," ಅಂದರು.

"ಮಾಡಿ ಅತ್ತೆ. ಯಾರಿಗೆ ಬರೀತೀರಿ? ಮೂರನೇ ಸೊಸೆ ಇಲ್ವಲ್ಲ."

"ಮಗನಿಗೇ ಬರೀತೀನಿ."

ರತ್ನಿ ಅವಳ ಒಲೆ ಮುಂದಿನಿಂದಲೇ, "ಬರೀರಿ ಅತ್ತೆ, ಹಂಗೇ ಒಂದಷ್ಟು ಕೋಳಿನೂ ತಂದ್ಕೊಡಿ," ಅಂದಳು.

ಅತ್ತೆ ಬರೆಯಲಿಲ್ಲ. ಅವನು ಪ್ರಾಣ, ಆದರೆ ಅವನ ಕೈಗೆ ಪ್ರಾಣ ಕೊಡುವಷ್ಟು ದಡ್ಡಿ ಅಲ್ಲ ನಮ್ಮ ಅತ್ತೆ. ಬದಲಿಗೆ ಮಂಚ ಎತ್ತಿಸಿ ರತ್ನಿ ಕಡೆ ಹಾಕಿಸಿಕೊಂಡರು. ಈಗ ಎಲ್ಲ ತಿರುಗಾಮುರುಗ. "ನಮ್ಮ ರತ್ನಿ ಚಿನ್ನ. ಅವಳ ಸಾರು ಅಂದ್ರೆ ಸಾರು. ರತ್ನಿ, ಉಂಡ್ಯಾ? ಕಾಲು ನೋಯ್ತದಾ?" ನಾನು ಒಂದನೇ ತಾರೀಕು ಪಿಂಚಣಿ ತಂದುಕೊಟ್ಟರೆ, "ಇಷ್ಟೊತ್ತು ಎಲ್ಲಿ ಸತ್ತಿದ್ದೆ?" ಅಧಿಕಾರ ಈ ಕಡೆ ಬಂತು, ಮಂಚ ಆ ಕಡೆ ಹೋಯಿತು. ಗೋಡೆಯ ಈಚೆ ನಾನು ಮಲಗಿಕೊಂಡು, ಆಚೆ ಅವರಿಬ್ಬರು ನಗೋದು ಕೇಳುತ್ತಿದ್ದೆ. ಬೇಕು ಬೇಕು ಅಂದಿದ್ದು ಸಿಕ್ಕಿದ ಮೇಲೂ ಉರಿ ನಿಂತಿರಲಿಲ್ಲ, ಜಾಗ ಬದಲಾಯಿಸಿತ್ತು ಅಷ್ಟೇ.

ಒಂದು ಸಲ ಪಿಂಚಣಿ ಕೊಡೋಕೆ ಹೋದಾಗ ಬೈಗುಳ ಜಾಸ್ತಿಯಾಯಿತು. ನನಗೂ ತಡೆಯಲಿಲ್ಲ. ಮಂಚದ ತುದಿಗೆ ಕೂತು ಕೇಳೇಬಿಟ್ಟೆ.

"ಅತ್ತೆ, ಆವತ್ತು ಮೊದಲನೇ ಸಲ, ನನಗೆ ಯಾಕೆ ಬರೆದುಕೊಡಲಿಲ್ಲ? ನನ್ನ ಮೇಲೆ ನಂಬಿಕೆ ಇರ್ಲಿಲ್ವಾ?"

ಅತ್ತೆ ಎಲೆ ಮಡಿಸುತ್ತಿದ್ದರು. ಮಡಿಸಿ ಮುಗಿಸಿ ಬಾಯಿಗಿಟ್ಟುಕೊಂಡರು.

"ನಂಬಿಕೆ ಏನ್ ಬಂತು. ದುಡ್ಡು ಯಾರ ಕೈಗೆ ಕೊಡ್ತೀವೋ ಅವರನ್ನ ಬೈಬೇಕಾಯ್ತದೆ ಕಣೆ. ಬೈಯ್ದೇ ಇದ್ರೆ ದುಡ್ಡು ನಮ್ಮದಾಗಿ ಇರಲ್ಲ. ನೀನು ಆಗ ಇನ್ನೂ ಹಸಿ ಗಾಯ. ನನ್ನ ಮಗ ಹೋಗಿ ಎಷ್ಟು ದಿನ ಆಗಿತ್ತು? ನಿನ್ನ ಮುಖ ನೋಡಿದ್ರೆ ನಂಗೆ ಬಾಯಿ ಬತ್ತಿರ್ಲಿಲ್ಲ. ನಿಂಗೆ ಕೊಟ್ಟಿದ್ರೆ ಬೈಯಕ್ಕೆ ಆಯ್ತಿತ್ತಾ?"

ಕೈಯಲ್ಲಿದ್ದ ಬ್ಯಾಗಿನ ಜಿಪ್ಪು ಎಳೆದೆ, ಮುಚ್ಚಿದೆ.

ಅಷ್ಟರಲ್ಲಿ ರತ್ನಿ ಸೌಟು ಹಿಡಿದುಕೊಂಡೇ ಎದ್ದು ಬಂದಳು.

"ಅಂದ್ರೆ ನನ್ನ ಬೈಯಕ್ಕೆ ನಿಮಗೆ ಬಾಯಿ ಚೆನ್ನಾಗಿ ಬತ್ತಿತ್ತು, ಅಲ್ವಾ ಅತ್ತೆ? ಅಷ್ಟು ವರ್ಷ ನಾನು ಬೈಸ್ಕೊಂಡಿದ್ದು ಅಕ್ಕನ ಮನಸ್ಸು ನೋಯಬಾರದು ಅಂತಾನಾ?"

"ನಿಂಗೇನೆ, ಸಮಾಧಾನ ಮಾಡಕ್ಕೆ ಗಂಡ ಇದ್ನಲ್ಲ," ಅಂದರು ಅತ್ತೆ.

"ಅವನಾ?" ಅಂದಳು ರತ್ನಿ.

ಅತ್ತೆ ಎಲೆ ಉಗಿಯೋ ನೆಪದಲ್ಲಿ ಕಿಟಕಿ ಕಡೆ ತಿರುಗಿದರು. ರತ್ನಿ ಒಳಗೆ ಹೋದಳು. ಪಾತ್ರೆಗಳು ಒಂದೊಂದಾಗಿ ಮಾತಾಡಿದವು. ಆವತ್ತು ಅವಳ ಮನೆಯಲ್ಲೇ ಊಟಕ್ಕೆ ಕೂತೆ. ಅತ್ತೆಗೆ ಬಡಿಸಿದಳು, ಚಿಕ್ಕಸ್ವಾಮಿಗೆ ಬಡಿಸಿದಳು. ನನ್ನ ತಟ್ಟೆಗೆ ಮುದ್ದೆ ಹಾಕುವಾಗ ಮುಖ ಆ ಕಡೆ ತಿರುಗಿಸಿಕೊಂಡಿದ್ದಳು. ತುಟಿ ಬಿಗಿದು, ಮೂಗು ಒಂಚೂರು ಅಗಲವಾಗಿ, ಕಣ್ಣು ಒಲೆ ಮೇಲೆ. ಆ ಮುಖ ನನಗೆ ಚೆನ್ನಾಗಿ ಗೊತ್ತು. ಅಷ್ಟು ವರ್ಷ ದಿನಾ ಬೆಳಗ್ಗೆ ಕನ್ನಡಿಯಲ್ಲಿ ನೋಡಿದ್ದೆ.

"ರತ್ನಿ, ಇನ್ನೊಂದು ಮುದ್ದೆ ಹಾಕು," ಅಂದೆ. ಯಾವತ್ತೂ ಒಂದಕ್ಕಿಂತ ಜಾಸ್ತಿ ಉಂಡವಳಲ್ಲ ನಾನು.